ಮಳೆಗಾಲದಲ್ಲಿ ಗಾಳಕ್ಕೆ ರಜೆ, ನಮಗಲ್ಲ: ಜೂನ್‌ನಿಂದ ನೂಲು ಹುಣ್ಣಿಮೆವರೆಗಿನ ಕೆಲಸಗಳು

ಎರಡು ವರ್ಷದ ಹಿಂದಿನ ಅಕ್ಟೋಬರ್. ಗಂಗೊಳ್ಳಿ ಅಳಿವೆಯ ಒಳಗೆ ಕಲ್ಲಿನ ಬುಡಕ್ಕೆ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಸೆದು ಮೂರು ಸುತ್ತು ಎಳೆದಿದ್ದೆ ಅಷ್ಟೇ, ಕೆಂಬೇರಿ ಮೀನು ಹಿಡಿಯಿತು. ಕೆಂಬೇರಿ ಹಿಡಿದವರಿಗೆ ಗೊತ್ತು, ಕಚ್ಚಿದ ತಕ್ಷಣ ಅದು ಕಲ್ಲಿನ ಪೊಟರೆಗೆ ನುಗ್ಗುತ್ತದೆ. ಆಗ ರೀಲಿನ ಡ್ರ್ಯಾಗ್, ಅಂದರೆ ದಾರ ಎಷ್ಟು ಬಿಗಿಯಲ್ಲಿ ಹೊರಗೆ ಹೋಗಬೇಕು ಅಂತ ಹಿಡಿಯುವ ಬ್ರೇಕು, ಬಿಗಿಯಾಗಿಯೇ ಇದ್ದು, ಸ್ವಲ್ಪ ಸ್ವಲ್ಪ ದಾರ ಬಿಟ್ಟುಕೊಡಬೇಕು. ನನ್ನದು ಬಿಡಲೇ ಇಲ್ಲ. ಟಪ್ ಅಂತ ಒಂದು ಸದ್ದು, ಕೈಯಲ್ಲಿ ಹಗುರಾದ ಕೋಲು. ಮನೆಗೆ ಬಂದು ಸ್ಪೂಲ್ ಬಿಚ್ಚಿ ನೋಡಿದರೆ ಡ್ರ್ಯಾಗಿನ ವಾಷರ್‌ಗಳು ಉಪ್ಪು ಹಿಡಿದು, ಮಳೆಗಾಲದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇ ಕೊನೆಯ ಭಾನುವಾರ ಕಡಲಿಂದ ಬಂದವನು ಹಾಗೇ ಮೂಲೆಗೆ ಒರಗಿಸಿಟ್ಟ ರೀಲ್ ಅದು. ಆ ಮೀನನ್ನು ನಾನು ಜೂನ್‌ನಲ್ಲೇ ಕಳೆದುಕೊಂಡಿದ್ದೆ, ಗೊತ್ತಾಗಿದ್ದು ಮಾತ್ರ ಅಕ್ಟೋಬರಿನಲ್ಲಿ.

ಅವತ್ತಿನಿಂದ ಮಳೆಗಾಲಕ್ಕೆ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಕರಾವಳಿಯಲ್ಲಿ ರಾಡ್-ರೀಲ್ ಹಿಡಿದು ಅಳಿವೆ, ಕಲ್ಲು, ಸೇತುವೆಯ ಆಸುಪಾಸು ಗಾಳ ಹಾಕುವವರಿಗೆ ಇದು ಹೊಂದುತ್ತದೆ. ಘಟ್ಟದ ಮೇಲಿನವರಿಗೂ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಎಷ್ಟು ದಿನ ಸಿಗುತ್ತದೆ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕರ್ನಾಟಕದಲ್ಲಿ 10 ಅಶ್ವಶಕ್ತಿಗಿಂತ ದೊಡ್ಡ ಇಂಜಿನ್ ಕೂರಿಸಿದ ನಾಡದೋಣಿಗಳೂ ಇದರಲ್ಲಿ ಬರುತ್ತವೆ. ದಡದಲ್ಲಿ ನಿಂತು ಗಾಳ ಹಾಕುವ ನಮ್ಮನ್ನು ಗುರಿಯಾಗಿಟ್ಟುಕೊಂಡು ಮಾಡಿದ ನಿಯಮ ಇದಲ್ಲ. ನಮ್ಮನ್ನು ಕಡಲೇ ತಡೆಯುತ್ತದೆ. ಹೊಳೆಯೆಲ್ಲ ಕೆಂಪು ನೀರು, ಅಳಿವೆ ಬಾಯಲ್ಲಿ ತೆಂಗಿನ ಮಡಲಿನಿಂದ ಹಿಡಿದು ಬುಡ ಕಿತ್ತ ಮರದವರೆಗೆ ಎಲ್ಲವೂ ತೇಲಿ ಬರುತ್ತಿರುತ್ತದೆ. ಅಲ್ಲಿ ಲೂರ್ ಎಸೆದರೆ ಮೀನಿಗೆ ಕಾಣುವುದೂ ಇಲ್ಲ, ನಿಮಗೆ ವಾಪಸ್ ಸಿಗುವುದೂ ಇಲ್ಲ.

ಶ್ರಾವಣದ ನೂಲು ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಅಲ್ಲಿಂದ ಅವರ ಋತು ಶುರು. ನಮ್ಮದು ಇನ್ನೂ ಸ್ವಲ್ಪ ತಡ, ಹೊಳೆ ತಿಳಿಯಾಗಬೇಕಲ್ವಾ? ಆದರೂ ನೂಲು ಹುಣ್ಣಿಮೆಯನ್ನೇ ಗಡುವು ಮಾಡಿಕೊಳ್ಳಿ. ಅಷ್ಟರೊಳಗೆ ಎಲ್ಲ ಮುಗಿದಿರಬೇಕು. ಚೌತಿ ಬಂದರೆ ಆಮೇಲೆ ಯಾರಿಗೂ ಕೈ ಬಿಡುವಿಲ್ಲ.

ಮೊದಲ ವಾರ: ರೀಲ್

ಇದನ್ನು ಮುಂದೂಡಬೇಡಿ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೂನ್‌ನಲ್ಲಿ ನಮ್ಮ ಊರಿನ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ರೀಲಿನೊಳಗೆ ಕೂತ ಉಪ್ಪು ಒಣಗುತ್ತದೆಯೇ? ಮಳೆ ಹಿಡಿದ ಮೊದಲ ವಾರದಲ್ಲೇ ಇದು ಆಗಬೇಕು. ಮೇ ಕೊನೆಗೇ ಮಾಡಿದರೆ ಇನ್ನೂ ಒಳ್ಳೆಯದು.

ಮೊದಲು ತೊಳೆಯುವುದು. ಡ್ರ್ಯಾಗ್ ತಿರುಪನ್ನು ಪೂರ್ತಿ ಬಿಗಿ ಮಾಡಿ, ಇಲ್ಲದಿದ್ದರೆ ಒಳಗೆ ನೀರು ಹೋಗುತ್ತದೆ. ಸಿಹಿ ನೀರನ್ನು ಚೊಂಬಿನಲ್ಲಿ ನಿಧಾನ ಸುರಿಯಿರಿ. ಪೈಪಿನ ಬಾಯಿಗೆ ಬೆರಳಿಟ್ಟು ಜೋರಾಗಿ ಹೊಡೆಯಬೇಡಿ. ಹೊರಗಿನ ಉಪ್ಪು, ಮರಳು ಎಲ್ಲ ಆ ಒತ್ತಡಕ್ಕೆ ಒಳಗೆ ಹೋಗಿ ಕೂರುತ್ತದೆ. ಬಾಲ್ದಿಯಲ್ಲಿ ಮುಳುಗಿಸುವುದೂ ಬೇಡ. ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಒಂದು ಇಡೀ ರಾತ್ರಿ ಬಿಡಿ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ. ಮಳೆಗಾಲವಿಡೀ ಅದು ಸಡಿಲವಾಗಿಯೇ ಇರಬೇಕು. ಬಿಗಿಯಾಗಿ ಬಿಟ್ಟರೆ ವಾಷರ್‌ಗಳು ಒತ್ತಿಕೊಂಡು ಚಪ್ಪಟೆಯಾಗುತ್ತವೆ, ಅಂಟುತ್ತವೆ. ನನ್ನ ಕೆಂಬೇರಿ ಹೋಗಿದ್ದು ಹೀಗೇ.

ಇನ್ನು ಬಿಚ್ಚುವುದು. ಎಷ್ಟು ಬಿಚ್ಚಬೇಕು ಅನ್ನುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಸ್ಪೂಲ್, ಹ್ಯಾಂಡಲ್, ಡ್ರ್ಯಾಗ್ ಸೆಟ್, ದಾರ ಹಾಯುವ ಲೈನ್ ರೋಲರ್ ಇಷ್ಟು ಎಲ್ಲರಿಂದಲೂ ಆಗುತ್ತದೆ. ಪಕ್ಕದ ಮುಚ್ಚಳ ತೆಗೆದು ದೊಡ್ಡ ಗೇರ್‌ವರೆಗೆ ಹೋಗುವುದಾದರೆ ಎರಡು ಮಾತು. ಒಂದು, ಪ್ರತಿ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಎರಡು, ಬಿಚ್ಚಿದ ಭಾಗಗಳನ್ನು ಇಡ್ಲಿ ತಟ್ಟೆಯಲ್ಲಿ ಇಡಿ. ತಮಾಷೆ ಅಲ್ಲ. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಎರಡನೆಯದು ಎರಡನೆಯ ಗುಳಿಗೆ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರೆ ಆಯಿತು. ತೂತಿಲ್ಲದ ತಟ್ಟೆ ಆರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ತೊಳೆಯುವ ಜವಾಬ್ದಾರಿಯೂ ನಿಮ್ಮದೇ, ಗ್ರೀಸ್ ವಾಸನೆಯ ಇಡ್ಲಿ ತಿಂದ ಮನೆಯವರು ಎರಡನೇ ಸಲ ತಟ್ಟೆ ಕೊಡುವುದಿಲ್ಲ.

ನನ್ನ ಮೊದಲ ಪ್ರಯತ್ನ ಪೇಪರ್ ಹಾಸಿಕೊಂಡು ನೆಲದ ಮೇಲೆ ನಡೆದಿತ್ತು. ಮುಚ್ಚಳ ಎತ್ತಿದ ಕೂಡಲೇ ಅಕ್ಕಿಕಾಳಿನಷ್ಟು ಸಣ್ಣ ಒಂದು ಸ್ಪ್ರಿಂಗ್ ‘ಟಿಣ್’ ಅಂತ ಹಾರಿತು. ಟಾರ್ಚ್ ಹಿಡಿದು, ನೆಲಕ್ಕೆ ಕೆನ್ನೆ ಒತ್ತಿ ಒಂದು ಗಂಟೆ ಹುಡುಕಿದೆ. ಸಿಗಲಿಲ್ಲ. ಚೌತಿಗೆ ಮನೆ ಗುಡಿಸುವಾಗ ಹೆಂಡತಿಗೆ ಕಪಾಟಿನ ಅಡಿಯಲ್ಲಿ ಸಿಕ್ಕಿತು. ‘ಇದು ಪೆನ್ನಿಂದಾ?’ ಅಂತ ಕೇಳಿದಳು. ಅಷ್ಟರಲ್ಲಿ ನಾನು ಬೇರೆ ರೀಲ್ ತೆಗೆದುಕೊಂಡಾಗಿತ್ತು. ಈಗ ಮುಚ್ಚಳ ತೆಗೆಯುವಾಗ ಇಡೀ ರೀಲನ್ನು ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕೈಯನ್ನೂ ಒಳಗೆ ಹಾಕಿ ಬಿಚ್ಚುತ್ತೇನೆ. ಹಾರಿದರೂ ಚೀಲದೊಳಗೇ ಇರುತ್ತದೆ.

ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ? ವೇಗವಾಗಿ ತಿರುಗುವ ಬೇರಿಂಗ್, ಲೈನ್ ರೋಲರ್, ಹ್ಯಾಂಡಲಿನ ಹಿಡಿ, ಇವಕ್ಕೆ ತೆಳು ಎಣ್ಣೆ, ಒಂದೊಂದೇ ಹನಿ. ಹಲ್ಲಿಗೆ ಹಲ್ಲು ಕಚ್ಚುವ ಗೇರ್‌ಗೆ ಗ್ರೀಸ್, ತೆಳುವಾಗಿ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಬೇರಿಂಗ್ ಇರುತ್ತದಲ್ಲ, ಅದಕ್ಕೆ ಗ್ರೀಸ್ ಮುಟ್ಟಿಸಲೇಬೇಡಿ. ಅದು ಹಿಡಿತದ ಮೇಲೆ ಕೆಲಸ ಮಾಡುವ ಭಾಗ, ಗ್ರೀಸ್ ಬಿದ್ದರೆ ಜಾರುತ್ತದೆ, ಮೀನು ಎಳೆಯುವಾಗ ಹ್ಯಾಂಡಲ್ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯುತ್ತದೆ. ತೆಂಗಿನೆಣ್ಣೆ? ಬೇಡ. ನಮ್ಮ ಕಡೆ ಬಾಗಿಲ ಕೀಲಿನಿಂದ ತಲೆಯವರೆಗೆ ಎಲ್ಲದಕ್ಕೂ ಅದೇ, ನಿಜ. ಆದರೆ ಅದು ಚಳಿಗೆ ಗಟ್ಟಿಯಾಗುತ್ತದೆ, ತಿಂಗಳು ಕಳೆದರೆ ಅಂಟಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬೇಕಾದರೆ ನಡೆಯುತ್ತದೆ.

ಕೊನೆಗೆ ಬಟ್ಟೆಯ ಚೀಲದಲ್ಲಿಟ್ಟು ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ತೆಗೆದು ಹತ್ತು ಸುತ್ತು ತಿರುಗಿಸಿ. ಗರಗರ ಅಂದರೆ ಮತ್ತೆ ಬಿಚ್ಚಬೇಕು.

ದಾರ

ನೈಲಾನ್ ಮಾನೊ (ಒಂಟಿ ಎಳೆಯ) ದಾರ ಹಾಕುವವರು ಯೋಚಿಸಬೇಕಾದ್ದೇ ಇಲ್ಲ, ಕಿತ್ತು ಹೊಸದು ಹಾಕಿ. ಬಿಸಿಲಿಗೆ ಅದು ಬಲ ಕಳೆದುಕೊಂಡಿರುತ್ತದೆ, ಸ್ಪೂಲಿನ ಸುರುಳಿ ಹಾಗೇ ನಿಂತಿರುತ್ತದೆ. ಬ್ರೇಡ್ (ಹಲವು ಎಳೆ ಹೆಣೆದ ದಾರ) ದುಬಾರಿ, ಅದನ್ನು ತಿರುಗಿಸಿ ಹಾಕಬಹುದು. ಎಸೆದು ಎಸೆದು ಸವೆದಿರುವುದು ಮುಂದಿನ ಭಾಗ ಮಾತ್ರ, ಒಳಗಿನದು ಹೊಸದರ ಹಾಗೇ ಇರುತ್ತದೆ. ಒಂದು ಖಾಲಿ ಸ್ಪೂಲಿಗೆ ಸುತ್ತಿ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ರೀಲಿಗೆ. ಒಂದೇ ಸಲ ಸುತ್ತಿ ವಾಪಸ್ ಹಾಕಿದರೆ ಮೊದಲಿದ್ದ ಹಾಗೇ ಬರುತ್ತದೆ, ಲೆಕ್ಕ ತಪ್ಪಬೇಡಿ. ಖಾಲಿ ಸ್ಪೂಲ್ ಇಲ್ಲದವರು ಎರಡು ತೆಂಗಿನ ಮರಕ್ಕೆ ಸುತ್ತು ಹಾಕಿಯೂ ಮಾಡಬಹುದು, ಮಳೆ ಬಿಟ್ಟ ಒಂದು ಗಂಟೆ ಸಿಕ್ಕರೆ ಸಾಕು. ಬ್ರೇಡನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದ್ದೇ ಮುಂದೆ ಗಾಳಿಯಲ್ಲಿ ಗೋಜಲಾಗುವುದು.

ಕಿತ್ತ ದಾರವನ್ನು ಹಾಗೇ ಹಿತ್ತಲಿಗೆ ಎಸೆಯಬೇಡಿ. ಕಾಲಿಗೆ ದಾರ ಸಿಕ್ಕಿಸಿಕೊಂಡು ಒದ್ದಾಡುವ ಬೆಳ್ಳಕ್ಕಿಯನ್ನು ಒಮ್ಮೆ ನೋಡಿದರೆ ನಿಮಗೇ ಮನಸ್ಸಾಗುವುದಿಲ್ಲ. ಗೇಣುದ್ದಕ್ಕಿಂತ ಸಣ್ಣದಾಗಿ ಕತ್ತರಿಸಿ ಕಸಕ್ಕೆ ಹಾಕಿ.

ದಾರ ಹಾಕಿದ ಮೇಲೆ ಡ್ರ್ಯಾಗ್ ಅಳೆದುಬಿಡಿ. ಸೂಟ್‌ಕೇಸ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಇದ್ದರೆ ಸಾಕು. ದಾರದ ತುದಿ ಅದಕ್ಕೆ ಕಟ್ಟಿ, ರಾಡ್ ಬಗ್ಗಿಸಿ, ಇನ್ನೊಬ್ಬರಿಗೆ ತಕ್ಕಡಿ ಎಳೆಯಲು ಹೇಳಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲ್ ದಾರ ಬಿಡಲು ಶುರು ಮಾಡಬೇಕು. 20 ಪೌಂಡ್ ದಾರ ಅಂದರೆ ಸುಮಾರು 9 ಕಿಲೋ. ಹಾಗಾದರೆ ಡ್ರ್ಯಾಗ್ ಎರಡೂಕಾಲರಿಂದ ಮೂರು ಕಿಲೋ. ಆ ಬಿಗಿ ಕೈಗೆ ಹೇಗೆ ಅನಿಸುತ್ತದೆ ಅಂತ ನೆನಪಿಟ್ಟುಕೊಳ್ಳಿ, ಮತ್ತೆ ಸಡಿಲ ಮಾಡಿ ಇಡಿ. ನಾನು ಮೊದಲ ಸಲ ಅಳೆದಾಗ, ಇಷ್ಟು ವರ್ಷ ‘ಸರಿ ಇದೆ’ ಅಂದುಕೊಂಡಿದ್ದು ಒಂದು ಕಿಲೋ ಕೂಡ ಇರಲಿಲ್ಲ.

ರಾಡ್

ಇದಕ್ಕೆ ಅರ್ಧ ಗಂಟೆ ಸಾಕು. ಸೋಪು ನೀರಲ್ಲಿ ಒರೆಸಿ. ದಾರ ಹಾಯುವ ಪ್ರತಿ ಬಳೆಯೊಳಗೂ ಸ್ವಲ್ಪ ಹತ್ತಿ ತೂರಿಸಿ ತಿರುಗಿಸಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಿರುಕು ಇದೆ, ಕಣ್ಣಿಗೆ ಕಾಣದಿದ್ದರೂ ಬ್ರೇಡನ್ನು ಅದು ಗರಗಸದ ಹಾಗೆ ಕೊಯ್ಯುತ್ತದೆ. ಆ ಬಳೆ ಬದಲಾಯಿಸಬೇಕು. ಎರಡು ತುಂಡಿನ ರಾಡ್ ಆದರೆ ಜೋಡಣೆಯ ಜಾಗಕ್ಕೆ ಮೇಣದ ಬತ್ತಿ ತಿಕ್ಕಿ. ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೆ ಬಾಗುತ್ತದೆ. ಪಿವಿಸಿ ಪೈಪಿನ ತುಂಡುಗಳನ್ನು ಗೋಡೆಗೆ ಹೊಡೆದು ನೇರ ನಿಲ್ಲಿಸಿ. ಗೋಡೆ ಸೋರುವುದಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಕೊಕ್ಕೆ, ಲೂರ್, ಸೀಸ

ಲೂರ್ ಡಬ್ಬಿಯನ್ನು ಒಂದು ಮಧ್ಯಾಹ್ನ ಪೂರ್ತಿ ಖಾಲಿ ಮಾಡಿ. ಎಲ್ಲವನ್ನೂ ಸಿಹಿ ನೀರಲ್ಲಿ ಅಲುಗಿಸಿ, ಬಟ್ಟೆಯ ಮೇಲೆ ಹರಡಿ. ತುಕ್ಕು ಹಿಡಿದ ಕೊಕ್ಕೆ ಒಂದೇ ಇದ್ದರೂ ಡಬ್ಬಿಯಿಡೀ ಅದರ ಕೆಂಪು ಹರಡುತ್ತದೆ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಇಟ್ಟು ಎಳೆಯಿರಿ. ಕಚ್ಚಿ ನಿಂತರೆ ಚೂಪಿದೆ, ಜಾರಿದರೆ ಅರಕ್ಕೆ ತಿಕ್ಕಿ ಅಥವಾ ಬದಲಾಯಿಸಿ. ಬದಲಾಯಿಸುವಾಗ ಮೂರು ಮೊನೆಯ ಕೊಕ್ಕೆಗೆ ಬದಲು ಒಂಟಿ ಕೊಕ್ಕೆ ಹಾಕುವುದನ್ನು ನಾನು ಹೇಳುತ್ತೇನೆ. ಕಲ್ಲಿಗೆ ಸಿಕ್ಕುವುದು ಕಮ್ಮಿ, ಸಣ್ಣ ಮೀನನ್ನು ಹೆಚ್ಚು ಗಾಯವಿಲ್ಲದೆ ವಾಪಸ್ ಬಿಡಬಹುದು, ಕೈಗೆ ಚುಚ್ಚಿಕೊಂಡರೂ ಒಂದೇ ಕಡೆ ಚುಚ್ಚುತ್ತದೆ.

ರಬ್ಬರಿನಂಥ ಮೆತ್ತನೆಯ ಲೂರ್‌ಗಳನ್ನು ಗಟ್ಟಿ ಪ್ಲಾಸ್ಟಿಕ್ ಲೂರ್‌ಗಳ ಜತೆ ಇಡಬೇಡಿ. ಎರಡೂ ಸೇರಿ ಕರಗಿ ಬೆಲ್ಲದ ಪಾಕದ ಹಾಗಾಗುತ್ತವೆ. ಅವು ಬಂದ ಪ್ಯಾಕೆಟ್ಟಿನಲ್ಲೇ ಚಪ್ಪಟೆಯಾಗಿ ಮಲಗಿಸಿ. ಬಣ್ಣ ಹೋದ ಗಟ್ಟಿ ಲೂರ್‌ಗೆ ನೇಲ್ ಪಾಲಿಶ್ ಬಳಿಯಬಹುದು. ಚೆಂದ ಕಾಣದಿದ್ದರೂ ಮೀನು ತಕರಾರು ಮಾಡುವುದಿಲ್ಲ. ಡಬ್ಬಿ ಮುಚ್ಚುವ ಮುಂಚೆ ಔಷಧಿ ಬಾಟಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪೊಟ್ಟಣ ಎರಡು ಹಾಕಿ.

ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಅಭ್ಯಾಸ ಇದ್ದವರಿಗೆ ಒಂದೇ ಮಾತು: ಮಳೆಗಾಲದಲ್ಲಿ ಬೇಡ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ, ಅಚ್ಚಿನಲ್ಲಿ ಸ್ವಲ್ಪ ತೇವ ಇದ್ದರೂ ಅದು ಸಿಡಿದು ಮುಖಕ್ಕೆ ಹಾರುತ್ತದೆ. ಹೊಗೆಯೂ ವಿಷ. ಅಡುಗೆ ಮನೆಯಲ್ಲಂತೂ ಯಾವ ಕಾಲದಲ್ಲೂ ಬೇಡ.

ಆಸಾಡಿಯ ಸಂಜೆಗಳು: ಗಂಟು ಮತ್ತು ಎಸೆತ

ಕರೆಂಟ್ ಹೋದ ಸಂಜೆ ಗಂಟು ಕಲಿಯುವುದಕ್ಕೆ ಹೇಳಿ ಮಾಡಿಸಿದ್ದು. ನಿಜಕ್ಕೂ ಬೇಕಾದವು ಮೂರೇ. ಬ್ರೇಡಿಗೆ ಲೀಡರ್ (ಲೂರ್ ಕಡೆಯ ತುದಿಗೆ ಹಾಕುವ ದಪ್ಪ ದಾರದ ತುಂಡು) ಸೇರಿಸಲು ಎಫ್‌ಜಿ ಗಂಟು, ಅದು ಕೈಕೊಟ್ಟ ದಿನಕ್ಕೆ ಡಬಲ್ ಯೂನಿ, ಲೂರ್ ಕಟ್ಟಲು ಯೂನಿ ಅಥವಾ ಪಾಲೊಮಾರ್. ಇಪ್ಪತ್ತು ಗಂಟಿನ ಹೆಸರು ಗೊತ್ತಿದ್ದು ಯಾವುದೂ ಕೈಗೆ ಕೂರದಿದ್ದರೆ ಏನು ಪ್ರಯೋಜನ?

ಎಫ್‌ಜಿ ಕಷ್ಟ ಅನ್ನುತ್ತಾರೆ. ಅದರ ಗುಟ್ಟು ಒಂದೇ, ಸುತ್ತುವಾಗ ಬ್ರೇಡ್ ಯಾವಾಗಲೂ ಬಿಗಿಯಾಗಿರಬೇಕು. ರಾಡನ್ನು ಮೂಲೆಗೆ ನಿಲ್ಲಿಸಿ, ಬ್ರೇಡಿನ ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಬಿಗಿ ಮಾಡಿ. ಲೀಡರನ್ನು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಬ್ರೇಡಿಗೆ ಹೆಣೆಯುತ್ತ ಹೋಗಿ. ಜಡೆ ಹೆಣೆದ ಹಾಗೆ, ಸುಮಾರು ಇಪ್ಪತ್ತು ಸುತ್ತು. ಎರಡು ಅರ್ಧ ಗಂಟು ಹಾಕಿ, ಉಗುಳು ಸವರಿ, ಎಳೆಯಿರಿ. ಸರಿ ಬಿದ್ದಿದ್ದರೆ ಬ್ರೇಡಿನ ಬಣ್ಣ ಕಪ್ಪಾಗಿ ಲೀಡರಿಗೆ ಕಚ್ಚಿ ಕೂರುತ್ತದೆ. ಎಳೆಯುವಾಗ ಬ್ರೇಡನ್ನು ಕೈಗೆ ಸುತ್ತಿಕೊಳ್ಳಬೇಡಿ, ಬ್ಲೇಡಿನ ಹಾಗೆ ಕೊಯ್ಯುತ್ತದೆ. ಮರದ ತುಂಡಿಗೆ ಸುತ್ತಿ ಎಳೆಯಿರಿ. ಬೆಳಕಿನಲ್ಲಿ ಬಂದ ಮೇಲೆ ಮೇಣದ ಬತ್ತಿಯಲ್ಲಿ ಮಾಡಿ, ಆಮೇಲೆ ಟೇಬಲ್ ಫ್ಯಾನ್ ಜೋರಾಗಿ ಹಾಕಿಕೊಂಡು ಮಾಡಿ. ಅಳಿವೆಯಲ್ಲಿ ಗಾಳಿ ನಿಮಗಾಗಿ ನಿಲ್ಲುವುದಿಲ್ಲವಲ್ಲ.

ಎಸೆತಕ್ಕೆ ತೋಟವೇ ಮೈದಾನ. ಕೊಕ್ಕೆ ತೆಗೆದ ಲೂರ್ ಕಟ್ಟಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಲ್ದಿ ಇಟ್ಟು, ಎರಡು ತೆಂಗಿನ ಮರದ ನಡುವಿಂದ ಎಸೆಯಿರಿ. ಎಷ್ಟು ದೂರ ಹೋಯಿತು ಅನ್ನುವುದಕ್ಕಿಂತ ಎಲ್ಲಿ ಬಿತ್ತು ಅನ್ನುವುದನ್ನು ನೋಡಿ. ಕೆಂಬೇರಿ ಇರುವುದು ಕಲ್ಲಿನ ನೆರಳಲ್ಲಿ, ಒಂದು ಮೊಳ ಆಚೆ ಬಿದ್ದರೆ ಅದು ಬರುವುದಿಲ್ಲ.

ಗೋಡೆಯ ಕ್ಯಾಲೆಂಡರ್ ಮತ್ತು ಒಂದು ನೋಟ್‌ಬುಕ್

ಹೋದ ವರ್ಷ ಸಿಕ್ಕ ಮೀನುಗಳ ಫೋಟೋ ಮೊಬೈಲ್‌ನಲ್ಲಿ ಇರುತ್ತದಲ್ಲ, ಅದರಲ್ಲಿ ದಿನ ಮತ್ತು ಗಂಟೆ ದಾಖಲಾಗಿರುತ್ತದೆ. ಒಂದೊಂದನ್ನೂ ತೆಗೆದು ನೋಟ್‌ಬುಕ್ಕಿಗೆ ಇಳಿಸಿ: ದಿನ, ತಿಥಿ, ಗಂಟೆ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ನೀರಿನ ಬಣ್ಣ, ಲೂರ್. ತಿಥಿ ಯಾಕೆ ಅಂದರೆ, ಅಮಾವಾಸ್ಯೆ-ಹುಣ್ಣಿಮೆ ಹತ್ತಿರ ಉಬ್ಬರ ಇಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿಯ ಆಚೀಚೆ ನೀರು ಮಂದ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹದಿನೈದು ದಿನಕ್ಕೆ ಹೆಚ್ಚುಕಮ್ಮಿ ಅದೇ ಗಂಟೆಗೆ ವಾಪಸ್ ಬರುತ್ತದೆ. ಹಾಗಾಗಿ ನಿಮ್ಮ ಜಾಗದ ಒಂದು ತಿಥಿಯ ಗಂಟೆ ಗೊತ್ತಿದ್ದರೆ ಉಳಿದದ್ದು ಬೆರಳೆಣಿಕೆ. ಬಂದರಿನ ಪಟ್ಟಿಯ ಗಂಟೆಯನ್ನು ಒಳಗಿನ ಸೇತುವೆಗೆ ಹಾಗೇ ಹಚ್ಚಬೇಡಿ. ಹೊಳೆಯಲ್ಲಿ ಒಳಕ್ಕೆ ಹೋದಷ್ಟೂ ಉಬ್ಬರ ತಡ.

ಹತ್ತು-ಹನ್ನೆರಡು ಮೀನಿನ ಲೆಕ್ಕ ಬರೆದ ಮೇಲೆ ನನಗೇ ಆಶ್ಚರ್ಯವಾಯಿತು. ನಾನು ಜಾಸ್ತಿ ಹೋಗುತ್ತಿದ್ದುದು ಬೆಳಗ್ಗೆ, ಮೀನು ಸಿಕ್ಕಿದ್ದು ಬಹುಪಾಲು ಇಳಿತದ ಮೊದಲ ಎರಡು ಗಂಟೆಯಲ್ಲಿ, ಅದು ಬೆಳಗ್ಗೆಯಾಗಲಿ ಸಂಜೆಯಾಗಲಿ.

ಜಾಗ ನೋಡಿಟ್ಟುಕೊಳ್ಳುವ ಕೆಲಸವೂ ಈಗಲೇ. ಗಂಗೊಳ್ಳಿಯ ಪಂಚಗಂಗಾವಳಿ, ಹಂಗಾರಕಟ್ಟೆ, ಮೂಲ್ಕಿಯ ಶಾಂಭವಿ, ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ, ಯಾವುದೇ ಇರಲಿ, ಉಪಗ್ರಹ ನಕ್ಷೆಯಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದು ಮರಳ ದಿಬ್ಬ ಎಲ್ಲಿಂದ ಎಲ್ಲಿಗೆ ಸರಿದಿದೆ ನೋಡಿ. ಮಳೆಗಾಲದ ನೆರೆ ದಿಬ್ಬವನ್ನು ಕೊರೆದು ಬೇರೆ ಕಡೆ ಕಟ್ಟುತ್ತದೆ. ಕಲ್ಲು ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ನಕ್ಷೆಯಲ್ಲಿ ಕಲ್ಲು, ಸೇತುವೆ ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಅಂಚು ಇಷ್ಟನ್ನು ಗುರುತು ಮಾಡಿ, ಮರಳಿನ ಜಾಗವನ್ನು ಸೆಪ್ಟೆಂಬರ್‌ನಲ್ಲಿ ಕಣ್ಣಾರೆ ನೋಡಿ ಬರೆದುಕೊಳ್ಳಿ.

ಕೈ ಕಡಿಯುತ್ತದೆ, ಗಾಳ ಹಾಕಲೇಬೇಕು ಅನ್ನುವವರಿಗೆ

ಬ್ರೇಕ್‌ವಾಟರ್ (ಅಲೆ ತಡೆಗೋಡೆ) ಕಲ್ಲಿನ ಮೇಲೆ ಹೋಗಬೇಡಿ. ಪಾಚಿ ಹಿಡಿದ ಕಲ್ಲು, ಹತ್ತು ಅಲೆ ಸುಮ್ನೆ ಬಂದು ಹನ್ನೊಂದನೆಯದು ತಲೆ ಮೇಲೆ ಬರುತ್ತದೆ. ಮರವಂತೆಯಂಥ ಕಡೆ ಕಾರಿನಿಂದ ಇಳಿದು ನೋಡುವುದಕ್ಕೇ ಹೆದರಿಕೆ, ಅಲ್ಲಿ ನಿಂತು ಎಸೆಯುವುದು ಹುಚ್ಚು.

ಗದ್ದೆ, ತೋಡಿನಲ್ಲಿ ಹತ್ತುಮೀನು ಸಿಗುವ ಕಾಲ ಇದು. ಅವು ಮೊಟ್ಟೆ ಇಡಲು ನೀರಿಗೆದುರಾಗಿ ಏರಿ ಬರುವ ಮೀನು. ಊರಿನವರು ಹಿಂದಿನಿಂದ ಹಿಡಿಯುತ್ತ ಬಂದಿದ್ದಾರೆ, ನಿಜ. ಹವ್ಯಾಸಕ್ಕೆ ಗಾಳ ಹಾಕುವ ನಾವು ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ಬಿಡುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಪರಿಚಯದವರ ತೋಟದ ಕೆರೆಯಲ್ಲಿ ತಿಲಾಪಿಯ ಇದ್ದರೆ ಕೇಳಿಕೊಂಡು ಹೋಗಿ, ಅದನ್ನು ಎಷ್ಟು ಹಿಡಿದರೂ ಯಾರಿಗೂ ನಷ್ಟವಿಲ್ಲ. ಕಾಲಲ್ಲಿ ಗಾಯ ಇದ್ದರೆ ಮಾತ್ರ ನಿಂತ ನೀರಿಗೆ, ಗದ್ದೆಗೆ ಇಳಿಯಬೇಡಿ. ಮಳೆಗಾಲದಲ್ಲಿ ಇಲಿಜ್ವರ ನಮ್ಮ ಕರಾವಳಿಯಲ್ಲಿ ಹೊಸದೇನಲ್ಲ. ನೀರಿಗಿಳಿದು ಬಂದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ‘ನೀರಿಗೆ ಇಳಿದಿದ್ದೆ’ ಅಂತ ಡಾಕ್ಟರಿಗೆ ಹೇಳಿ.

ಮಳೆ ನಾಲ್ಕು ದಿನ ಬಿಟ್ಟರೆ ಶೃಂಗೇರಿಗೋ ಶಿಶಿಲಕ್ಕೋ ಹೋಗಿ ಬನ್ನಿ. ಎರಡೂ ಕಡೆ ದೇವರ ಮೀನು, ಹಿಡಿಯುವ ಮಾತೇ ಇಲ್ಲ. ಆದರೆ ಸೆಳೆತದಲ್ಲಿ ದೊಡ್ಡ ಮೀನು ಎಲ್ಲಿ ನಿಲ್ಲುತ್ತದೆ, ತಲೆ ಯಾವ ಕಡೆ ಇಡುತ್ತದೆ, ತಿಂಡಿಗೆ ಎಷ್ಟು ದೂರ ಬರುತ್ತದೆ ಅಂತ ಅಷ್ಟು ಹತ್ತಿರದಿಂದ ಬೇರೆಲ್ಲೂ ಕಾಣುವುದಿಲ್ಲ. ನೀರು ಕೆಂಪಿದ್ದರೆ ಊಟ ಮಾಡಿ ಬನ್ನಿ.

ಖರೀದಿ, ಕೊನೆಗೆ

ಜುಲೈ ರಾತ್ರಿ ಹನ್ನೊಂದಕ್ಕೆ ಮಳೆ ಸುರಿಯುತ್ತಿರುವಾಗ ಮೊಬೈಲ್‌ನಲ್ಲಿ ಹೊಸ ರಾಡ್ ನೋಡುತ್ತ ಕೂರುವುದು ಅಪಾಯ. ಬೇಕಾದ್ದನ್ನೆಲ್ಲ ಕಾಗದದಲ್ಲಿ ಬರೆದು ಕ್ಯಾಲೆಂಡರಿಗೆ ಸಿಕ್ಕಿಸಿ. ನೂಲು ಹುಣ್ಣಿಮೆಗೆ ತೆಗೆದು ನೋಡಿ. ನನ್ನ ಪಟ್ಟಿಯಲ್ಲಿ ಆ ಹೊತ್ತಿಗೆ ಉಳಿಯುವುದು ಸಾಮಾನ್ಯವಾಗಿ ಲೀಡರ್, ಒಂಟಿ ಕೊಕ್ಕೆ, ಅದನ್ನು ಲೂರ್‌ಗೆ ಸಿಕ್ಕಿಸುವ ಸ್ಪ್ಲಿಟ್ ರಿಂಗ್, ಮತ್ತು ಕಲ್ಲಿನ ಮೇಲೆ ಜಾರದ ಒಂದು ಜೊತೆ ಶೂ.

ಆಮೇಲೆ ಕಾಯುವುದಷ್ಟೇ. ಹೊಳೆ ತಿಳಿಯಾಯಿತೇ ಅಂತ ತಿಳಿಯಲು ನಾನು ಮಾಡುವುದು ಇಷ್ಟು: ಬಿಳಿ ಲೂರ್ ಒಂದನ್ನು ಸೇತುವೆ ಬದಿಯಿಂದ ಮೆಲ್ಲಗೆ ನೀರಿಗೆ ಇಳಿಸುತ್ತೇನೆ. ಗೇಣು ಇಳಿಯುವುದರೊಳಗೆ ಮರೆಯಾದರೆ ದಾರ ಸುತ್ತಿಕೊಂಡು ಮನೆಗೆ. ಒಂದು ಮೊಳ ಇಳಿದ ಮೇಲೂ ಕಾಣುತ್ತಿದ್ದರೆ, ಡ್ರ್ಯಾಗ್ ಬಿಗಿ ಮಾಡಿಕೊಳ್ಳುತ್ತೇನೆ.